ಜೈನಬಿ ಮುಚ್ಚಿದ ಕಿಂಡಿ

ಜೈನಬಿ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಹೇಳುವುದು, "ಎಲ್ಲಾ ಬಂದ್ ಮಾಡ್ರಿ." ಫ್ಯಾನು, ಕೂಲರು, ಟೀವಿ, ಮನೆಯವರ ಬಾಯಿ, ಎಲ್ಲ. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ರೇಷ್ಮೆಯ ನಾಲ್ಕು ಎಳೆ ತೆಗೆದು, ಕೋಣೆಯ ನಾಲ್ಕು ಕಡೆ ಮೊಳೆಗೋ ಕಿಟಕಿಯ ಸರಳಿಗೋ ಕಟ್ಟಿ ಇಳಿಬಿಡುತ್ತಾಳೆ. ತಾನು ನಡುವೆ ನೆಲದ ಮೇಲೆ ಕೂತು ಕಾಲು ತಾಸು ಅವನ್ನೇ ನೋಡುತ್ತಾಳೆ. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿ ನಿಂತು ಕೊಳೆಯುತ್ತದೆ ಎಂಬುದನ್ನು ಆ ಎಳೆ ಹೇಳುತ್ತದಂತೆ. ಇಳಕಲ್ಲಿನಲ್ಲಿ ಕೂಲರ್ ರಿಪೇರಿ ಮಾಡುವ ಗಂಡಸರು ಹತ್ತು ಮಂದಿ ಇದ್ದಾರೆ. ಅವರೆಲ್ಲ ಬಂದ ಕೂಡಲೇ ಸ್ಕ್ರೂ ಬಿಚ್ಚುತ್ತಾರೆ, ಮೋಟಾರು ಹೋಗಿದೆ ಎನ್ನುತ್ತಾರೆ, ನನ್ನ ಅಂಗಡಿಗೆ ಚೀಟಿ ಬರೆದುಕೊಡುತ್ತಾರೆ. ಅದರಿಂದ ನನಗೇ ಲಾಭ, ಆದರೂ ಹೇಳುತ್ತೇನೆ: ಅವರು ಮೆಕ್ಯಾನಿಕ್ಕುಗಳಲ್ಲ, ಸ್ಕ್ರೂ ಬಿಚ್ಚುವವರು.

ನಾನು ಹೊಳಬಸಪ್ಪ. ಫ್ಯಾನು, ವಾಯರು, ಪಂಪು ಮಾರುವ ಅಂಗಡಿ ಇಟ್ಟು ಮೂವತ್ತು ವರ್ಷವಾಯಿತು. ಗಿರಾಕಿಗಳ ಮೇಲೆ ರೇಗುತ್ತೇನೆ ಎಂದು ಹೆಸರು ಕೆಡಿಸಿಕೊಂಡಿದ್ದೇನೆ, ಆದರೂ ಬರುತ್ತಾರೆ. ಜೈನಬಿ ಇಪ್ಪತ್ತೆರಡು ವರ್ಷದಿಂದ ಸಾಮಾನು ಒಯ್ಯುವುದು ನನ್ನಲ್ಲಿಂದಲೇ. ಅಷ್ಟು ವರ್ಷಗಳಲ್ಲಿ ಆಕೆ ಎಷ್ಟು ಕಿಂಡಿ ತೆರೆದಳೋ, ಎಷ್ಟು ಮುಚ್ಚಿದಳೋ. ಹೋದ ವರ್ಷದ ಏಪ್ರಿಲ್ ತಿಂಗಳಲ್ಲಿ ಮುಚ್ಚಬಾರದ ಒಂದನ್ನು ಮುಚ್ಚಿದಳು. ಗೋಡೆಯ ಆಚೆ ಯಾರೋ ಇದ್ದಾರೆ ಎಂದು ಆಕೆಗೆ ಅನ್ನಿಸಿದ್ದು ಮುಚ್ಚಿದ ಮೇಲೆ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ.

ಆಕೆಯ ತವರು ಹುನಗುಂದ. ಹತ್ತೊಂಬತ್ತಕ್ಕೆ ನಬಿಸಾಬನ ಹೆಂಡತಿಯಾಗಿ ಇಲ್ಲಿಗೆ ಬಂದಳು. ನಬಿಸಾಬ ನೇಕಾರ, ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾನೆ. ಮಗ್ಗದ ಮೇಲಿನ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹಾಯುವ ಎಳೆಗಳು, ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತಾರೆ, ಆ ಮನೆಯಲ್ಲಿ ಅದು ಹೆಂಗಸರ ಕೆಲಸ. ಒಣಗಾಳಿ ತಗುಲಿದರೆ ರೇಷ್ಮೆ ಪಟಪಟನೆ ಹರಿಯುತ್ತದೆ. ಅದಕ್ಕೇ ಮಗ್ಗದ ಕೋಣೆಗೆ ಕಿಟಕಿ ಕಡಿಮೆ, ಇದ್ದ ಕಿಂಡಿಗೂ ಬೇಸಿಗೆಯಲ್ಲಿ ಒದ್ದೆ ಗೋಣಿತಟ್ಟು ತುರುಕಿ ಮೇಲೆ ಮಣ್ಣು ಮೆತ್ತುತ್ತಾರೆ. ಬಿಸಿಗಾಳಿ ಬರುವ ತೂತು ಕಂಡರೆ ಮುಚ್ಚಬೇಕು ಎನ್ನುವುದು ನೇಕಾರರ ಮನೆಯ ಹೆಣ್ಣುಮಕ್ಕಳ ಕೈಗೆ ಬಂದುಬಿಟ್ಟಿರುತ್ತದೆ. ತಲೆಯನ್ನು ಕೇಳಬೇಕಾಗಿಲ್ಲ.

ನಬಿಸಾಬ ಒಂದು ಹಳೇ ಕೂಲರು ತಂದ. ಅದರ ಗಾಳಿಗೆ ಎಳೆ ಹರಿದವು, ಸಿಟ್ಟಿನಲ್ಲಿ ಅಂಗಳಕ್ಕೆ ತೆಗೆದು ಇಟ್ಟ. ಜೈನಬಿ ಅದನ್ನು ಬಿಚ್ಚಿ, ಹುಲ್ಲು ಬದಲಿಸಿ, ಮೂತಿ ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು. ಗಾಳಿ ಗೋಡೆಗೆ ಬಡಿದು ಮೆತ್ತಗಾಗಿ ಮಗ್ಗಕ್ಕೆ ಬಂತು, ಒಂದು ಎಳೆಯೂ ಹರಿಯಲಿಲ್ಲ. ಓಣಿಯವರು ಕರೆದರು, ಆಮೇಲೆ ಅಂಗಡಿಯವರು, ದವಾಖಾನೆಯವರು, ಕಲ್ಯಾಣ ಮಂಟಪದವರು. "ಏನವಾ ಗಾಳಿ ಡಾಕ್ಟರ" ಎಂದು ನಾನು ಚಾಷ್ಟಿ ಮಾಡುತ್ತಿದ್ದೆ. ಆಕೆ ನಗುತ್ತಿರಲಿಲ್ಲ. "ಕಾಕಾ, ಗಾಳಿ ಚಾಷ್ಟಿ ಮಾಡೂದಲ್ರಿ" ಎನ್ನುತ್ತಿದ್ದಳು. ನನಗೆ ಆಗ ಒಣ ಬಡಾಯಿ ಅನ್ನಿಸುತ್ತಿತ್ತು.

ಶಿವಪ್ರಕಾಶ ಎನ್ನುವವನು ನನ್ನ ಅಂಗಡಿಗೆ ಬಂದದ್ದು ಫೆಬ್ರುವರಿಯಲ್ಲಿ. ಇಸ್ತ್ರಿ ಮಾಡಿದ ಅಂಗಿ, ಮೆಲು ಮಾತು, ಯಾವ ಊರೆಂದು ಹೇಳದ ನಗು. ಹುನಗುಂದದ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ, ಎಂದೋ ಬಂದಾದ ಗ್ರಾನೈಟ್ ಪಾಲಿಶ್ ಶೆಡ್ಡು ಒಂದಿದೆ. ಅದನ್ನು ಬಾಡಿಗೆಗೆ ಹಿಡಿದಿದ್ದೇನೆ, ಔಷಧಿ ಗಿಡ ಬೆಳೆಸುತ್ತೇನೆ ಎಂದ. ಎಂಟು ಎಗ್ಜಾಸ್ಟ್ ಫ್ಯಾನು ಬೇಕು, ಒಂದು ಜನರೇಟರು ಬೇಕು, ಕಪ್ಪು ತಾಡಪಾಲು ಬೇಕು. ಔಷಧಿ ಗಿಡಕ್ಕೆ ಕಿಟಕಿಯಿಲ್ಲದ ಶೆಡ್ಡು ಯಾಕೆ, ಕಪ್ಪು ತಾಡಪಾಲು ಯಾಕೆ ಎಂದು ನಾನು ಕೇಳಲಿಲ್ಲ. ಯಾವ ಗಿಡವೆಂದು ನನಗೆ ಅಂದೇ ಅಂದಾಜಾಗಿತ್ತು, ಸುಳ್ಳೇಕೆ ಹೇಳಲಿ. ಏಪ್ರಿಲ್‌ನಲ್ಲಿ ಮತ್ತೆ ಬಂದು, ಒಳಗೆ ಕಾವು ತಡೆಯಲಾಗುತ್ತಿಲ್ಲ, ಗಿಡಕ್ಕೆ ಬೂಜು ಹಿಡಿಯುತ್ತಿದೆ, ಕೆಲಸ ಬಲ್ಲವರು ಬೇಕು, ಬಾಯಿ ಬಿಗಿ ಇದ್ದವರು ಬೇಕು ಎಂದ. ನಾನು ಜೈನಬಿಯ ಹೆಸರು ಹೇಳಿದೆ.

ಅಲ್ಲಿ ಏನಾಯಿತೆಂಬುದನ್ನು ಆಕೆ ನನಗೆ ಹೇಳಿದ ಹಾಗೆಯೇ ಹೇಳುತ್ತೇನೆ.

ಭಾನುವಾರ, ಹಗಲು ಹನ್ನೊಂದು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಕಾಲಿಟ್ಟರೆ ಕೈ ಕಾಣದ ಕತ್ತಲೆ. ಲೈಟು ಹಾಕುವುದು ಸಂಜೆಗೆ, ಹಗಲು ಗಿಡಗಳಿಗೆ ರಾತ್ರಿ ಎಂದು ಶಿವಪ್ರಕಾಶ ವಿವರಿಸಿದ. ಗೋಡೆಗೆಲ್ಲ ಬೆಳ್ಳಿ ಬಣ್ಣದ ಹಾಳೆ ಬಡಿದಿತ್ತು, ಆಕೆಯ ಬ್ಯಾಟರಿಯ ಬೆಳಕು ಬಿದ್ದಲ್ಲೆಲ್ಲ ಆಕೆಯದೇ ಮುಖ ಮುರಿದು ಮುರಿದು ಕಾಣುತ್ತಿತ್ತು. ಎದೆಮಟ್ಟದ ಗಿಡಗಳು ಸಾಲುಸಾಲಾಗಿ ನಿಂತಿದ್ದವು. ಫ್ಯಾನಿನ ಗಾಳಿಗೆ ಎಲ್ಲವೂ ಒಟ್ಟಿಗೆ ಬಾಗಿ ಒಟ್ಟಿಗೆ ಏಳುತ್ತಿದ್ದವು. ಮೂಗಿಗೆ ಅಡರುವ ಹಸಿ ವಾಸನೆ. ಅದು ಗಾಂಜಾ ಎಂದು ಆಕೆಗೂ ತಿಳಿಯಿತು. ವಾಪಸು ಹೋಗಿಬಿಡಲೇ ಅನ್ನಿಸಿತು. ಆದರೆ ಕೆಟ್ಟ ಗಾಳಿಯ ಕೋಣೆಯನ್ನು ಹಾಗೇ ಬಿಟ್ಟು ಬರುವುದು ಆಕೆಗೆ ಬಾರದ ಕೆಲಸ.

ಕೆಲಸ ಮಾಡಿದಳು. ಫ್ಯಾನುಗಳನ್ನೆಲ್ಲ ಒಂದೇ ಗೋಡೆಗೆ ಕೂಡಿಸಿದ್ದ ದಡ್ಡ, ಅವು ಗಾಳಿಯನ್ನು ಒಂದರಿಂದೊಂದು ಕಸಿದುಕೊಳ್ಳುತ್ತಿದ್ದವು. ನಾಲ್ಕನ್ನು ಮೇಲೆ ಏರಿಸಿದಳು, ತಂಪು ಗಾಳಿ ಕೆಳಗಿನಿಂದ ಬರುವಂತೆ ಕೂಲರಿನ ಬಾಯಿ ಇಳಿಸಿದಳು, ಗಿಡಗಳ ನಡುವೆ ಗಾಳಿ ಹಾಯಲು ಓಣಿ ಬಿಡಿಸಿದಳು. ಕೋಣೆಯಲ್ಲಿ ಕಾವು ತೋರಿಸುವ ನಾಲ್ಕು ಮೀಟರು ಇದ್ದವು, ಅವುಗಳ ಲೆಕ್ಕ ಶಿವಪ್ರಕಾಶನ ಮೊಬೈಲಿಗೆ ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರು ಮೀಟರು ಇಪ್ಪತ್ತಾರಕ್ಕೆ ಇಳಿದವು. ಪಡುವಣ ಗೋಡೆಯ ನಾಲ್ಕನೆಯದು ಮಾತ್ರ ಇಪ್ಪತ್ತೆಂಟು.

ಎಲ್ಲ ಫ್ಯಾನು ಬಂದ್ ಮಾಡಿಸಿ ಎಳೆ ಕಟ್ಟಿದಳು. ಮೂರು ಎಳೆ ಸುಮ್ಮನೆ ಜೋತುಬಿದ್ದವು. ನಾಲ್ಕನೆಯ ಮೀಟರಿನ ಪಕ್ಕ, ಬೆಳ್ಳಿ ಹಾಳೆ ಹರಿದಲ್ಲಿ ಗೋಡೆಗೆ ಒಂದು ಬಿರುಕು ಇತ್ತು. ಅಲ್ಲಿ ಕಟ್ಟಿದ ಎಳೆ ಅಳ್ಳಾಡಿತು. ಹೊರಗಿನ ಬಿಸಿಗಾಳಿ ನುಗ್ಗುತ್ತಿದೆ ಎಂದುಕೊಂಡಳು. ಹೊರಗೆ ಹೋಗಿ ನೋಡಿದರೆ, ಅದೇ ಗೋಡೆಯ ಬುಡದಲ್ಲಿ, ಬಿಸಿಲು ಬಡಿಯುವ ಕಡೆ, ತೆಂಗಿನಕಾಯಿ ಹಿಡಿಸುವಷ್ಟು ಕಿಂಡಿ. ಕೈ ತನ್ನಷ್ಟಕ್ಕೆ ತಾನೇ ನಡೆಯಿತು. ತಟ್ಟು ಒದ್ದೆ ಮಾಡಿ ತುರುಕಿ, ಮಣ್ಣು ಕಲಸಿ ಮೆತ್ತಿ, ಅಂಗೈಯಿಂದ ಸವರಿದಳು. "ಈಗ ಸರಿ ಆತು" ಎಂದು ತನಗೇ ಹೇಳಿಕೊಂಡಳು.

ಒಳಗೆ ಬಂದು ಎಳೆಯ ಮುಂದೆ ಕೂತಳು. ಎಳೆ ನಿಶ್ಚಲವಾಗಿತ್ತು. ಸರಿಯಾಯಿತಲ್ಲ ಎಂದು ಏಳಬೇಕೆನ್ನುವಾಗ ಅದು ಜೋರಾಗಿ ಆಚೆ ಹೋಯಿತು, ಬಿರುಕಿನೊಳಗೆ ಹೊಕ್ಕೇಬಿಡುವ ಹಾಗೆ. ಮತ್ತೆ ಈಚೆ ಬಂತು. ಆಚೆ, ಈಚೆ. ಗಾಳಿ ಬೀಸಿದರೆ ಎಳೆ ಒಂದೇ ಕಡೆ ವಾಲುತ್ತದೆ. ಇದು ಹೋಗುತ್ತಿತ್ತು, ಬರುತ್ತಿತ್ತು. ನಡುನಡುವೆ ಒಮ್ಮೆ ಜಗ್ಗಿದ ಹಾಗೆ ನಡುಗಿ ನಿಲ್ಲುತ್ತಿತ್ತು. ಫ್ಯಾನುಗಳಿಲ್ಲದ ಆ ಕತ್ತಲಲ್ಲಿ ನೂರಾರು ಗಿಡಗಳ ಎಲೆ ಒಂದೂ ಮಿಸುಕುತ್ತಿರಲಿಲ್ಲ, ಆ ಒಂದು ಎಳೆ ಮಾತ್ರ ಉಸಿರಾಡುತ್ತಿತ್ತು. ಜೈನಬಿ ಗೋಡೆಗೆ ಅಂಗೈ ಇಟ್ಟಳು. ಕೂತ ಮನುಷ್ಯನ ಬೆನ್ನಿನ ಎತ್ತರಕ್ಕೆ ಗೋಡೆ ಬೆಚ್ಚಗಿತ್ತು.

"ಈ ಗ್ವಾಡಿ ಹಿಂದ ಏನೈತ್ರಿ?" ಎಂದು ಕೇಳಿದಳು.

"ಏನೂ ಇಲ್ಲ. ಬಯಲು" ಎಂದ ಶಿವಪ್ರಕಾಶ. ಹೇಳಿ, ಆಕೆಯ ಸಾಮಾನಿನ ಚೀಲವನ್ನು ತಾನೇ ಎತ್ತಿ ಬಾಗಿಲ ಹೊರಗೆ ಇಟ್ಟ.

ಹೊತ್ತು ಇನ್ನೂ ಇತ್ತು, ನೆಟ್ಟಗೆ ನನ್ನ ಅಂಗಡಿಗೆ ಬಂದಳು. ಮುಖ ಸುಣ್ಣ ಬಳಿದ ಹಾಗಿತ್ತು. ನಾನು ಇಲಿ ಇರಬೇಕು ಅಂದೆ, ಹಾವಿರಬೇಕು ಅಂದೆ.

"ಇಲಿ ಹಂಗ ಉಸರ ಬಿಡೂದಿಲ್ಲ ಕಾಕಾ. ಅದು ಮನಶ್ಯಾನ ಉಸರು. ಅವಂಗ ಇದ್ದ ಒಂದ ಕಿಂಡಿ ನಾ ಮುಚ್ಚಿ ಬಂದೇನಿ. ನಡೀರಿ, ತಗದು ಬರೂನು."

"ಹುಚ್ಚ ಹಿಡದೈತೇನ? ಹೋಗಿ ಏನಂತೀ? ಪೊಲೀಸರು ಬಂದ್ರ ಮೊದಲು ನಿನ್ನ ಹಿಡೀತಾರ, ಗಾಂಜಾಕ್ಕ ಗಾಳಿ ಹಾಕಿದಾಕಿ ಅಂತ. ಆಮ್ಯಾಲೆ ಫ್ಯಾನ ಮಾರಿದಾಂವ ಅಂತ ನನ್ನ. ಬಾಯಿ ಮುಚ್ಕೊಂಡ ಮನಿಗೆ ಹೋಗು."

ಹೋದಳು. ಸೋಮವಾರ ಮತ್ತೆ ಬಂದಳು. ಹಿಂದಿನ ಸಂಜೆ ಗಂಡ ಮಗ್ಗ ಬಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾಗ ಅವನ ಮೂಗಿನ ಮುಂದೆ ಎಳೆ ಹಿಡಿದು ನೋಡಿದಳಂತೆ. ಅದೇ ಲೆಕ್ಕ, ಅದೇ ಹೋಗಿ ಬರುವುದು. ಎಳೆ ಜಗ್ಗಿ ನಡುಗಿ ನಿಂತದ್ದು ಯಾಕೆಂದು ತಾನೇ ಕೆಮ್ಮು ತಡೆದು ನೋಡಿಕೊಂಡಳಂತೆ. "ಆಂವ ಕೆಮ್ಮ ನುಂಗಾಕತ್ಯಾನ್ರಿ ಕಾಕಾ. ನನಗ ಕೇಳಿಸಬಾರದಂತ."  ಆದರೂ ನಾನು ಹೇಳಿದ್ದೇನು? "ಇನ್ನ ಎರಡ ದಿನ ತಡಿ, ನೋಡೂನು" ಎಂದೆ. ತಡೆದು ಏನು ನೋಡುವುದು ಎಂದು ಆಕೆ ಕೇಳಲಿಲ್ಲ.  ನನಗೆ ಹೆದರಿಕೆಯಾಗಿತ್ತು, ಅಷ್ಟೇ.

ಮಂಗಳವಾರ ಲೈನ್ ರಿಪೇರಿ ಎಂದು ಬೆಳಗಿನಿಂದ ಕರೆಂಟು ಇರಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಶಿವಪ್ರಕಾಶ ಡೀಸೆಲ್ ಕ್ಯಾನು ಹಿಡಿದು ಅಂಗಡಿಗೆ ಬಂದ. ಶೆಡ್ಡಿನಲ್ಲಿ ಜನರೇಟರು ಹಚ್ಚಿ ಬಂದಿದ್ದನಂತೆ, ಅದಕ್ಕೊಂದು ಫಿಲ್ಟರು ಬೇಕಿತ್ತು. ಜೈನಬಿ ಮೂಲೆಯಲ್ಲಿ ಕೂತು ಕೂಲರಿನ ಹುಲ್ಲು ಆರಿಸುತ್ತಿದ್ದಳು. ಅವನು ಖುಷಿಯಲ್ಲಿದ್ದ. ಮೊಬೈಲು ನನ್ನ ಮುಖದ ಮುಂದೆ ಹಿಡಿದ.

"ನೋಡ್ರಿ ಸಾವಕಾರ್ರ, ನಿಮ್ಮ ಹೆಣ್ಣಮಗಳ ಕೆಲಸ ಅಂದ್ರ ಕೆಲಸ. ನಿನ್ನಿತನಕ ನಾಕನೇದ್ದು ಎರಡು ಡಿಗ್ರಿ ಜಾಸ್ತಿ ತೋರಸ್ತಿತ್ತು. ಇವತ್ತ ನಾಕೂ ಒಂದ ಸಮ."

ಜೈನಬಿಯ ಕೈಯಿಂದ ಹುಲ್ಲಿನ ಕಟ್ಟು ಬಿತ್ತು. ನಾನು ಆ ನಾಲ್ಕು ಅಂಕಿಗಳನ್ನು ನೋಡಿದೆ. ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತಾರು, ಇಪ್ಪತ್ತಾರು. ಅಷ್ಟು ತಣ್ಣಗಿನ ಅಂಕಿಗಳನ್ನು ನಾನು ಜನ್ಮದಲ್ಲಿ ನೋಡಿಲ್ಲ. ಆ ಗೋಡೆಗೆ ಒರಗಿ ಕೂತದ್ದು ಯಾವುದೋ, ಅದೀಗ ಒರಗಿರಲಿಲ್ಲ.

"ಒಳಗ ಯಾರದಾರ?" ಎಂದು ಜೈನಬಿ ಎದ್ದು ನಿಂತು ಕೇಳಿದಳು. "ಜನರೇಟರ ಆ ಗ್ವಾಡಿ ಬಾಜೂಕ ಐತಿ. ಹೊರಗಿನ ಕಿಂಡಿ ನಾ ಮುಚ್ಚೇನಿ. ಫ್ಯಾನ ಈಗ ಗಾಳಿ ಎಲ್ಲಿಂದ ಎಳೀತಾವ? ಮಾಡಿನ ತಗಡ ಸಂದಿಯಿಂದ ಅದರ ಹೊಗಿ ಎಳೀತಾವ. ಯಾರದಾರ ಹೇಳು!"

ಅವನು ಮೊಬೈಲು ನೋಡಿದ, ಆಕೆಯನ್ನು ನೋಡಿದ. ಕ್ಯಾನು ಅಲ್ಲೇ ಬಿಟ್ಟು ಬೈಕು ಹತ್ತಿದ. ಬೈಕು ಶೆಡ್ಡಿರುವ ಹುನಗುಂದದ ಕಡೆ ಹೋಗಲಿಲ್ಲ, ಕುಷ್ಟಗಿಯ ಕಡೆ ತಿರುಗಿತು.

ಸಾಮಾನು ಸಾಗಿಸುವ ನನ್ನ ಟಂಟಂನಲ್ಲಿ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಶೆಡ್ಡಿಗೆ ಮುಟ್ಟಿದ ಕೂಡಲೇ ಜೈನಬಿ ಜನರೇಟರು ಆರಿಸಿದಳು. ಆಮೇಲೆ ಗೋಡೆಯ ಬುಡಕ್ಕೆ ಬಿದ್ದು ಬರಿಗೈಯಿಂದ ಮಣ್ಣು ಕಿತ್ತಳು. ಬಿಸಿಲಿಗೆ ಅದು ಗಟ್ಟಿಯಾಗಿ ಕೂತಿತ್ತು, ಉಗುರು ಮುರಿದು ರಕ್ತ ಬಂತು. ನಾನು ಬೀಗ ಒಡೆದು ಒಳಗೆ ಹೋದೆ. ಕತ್ತಲೆಯಲ್ಲಿ ಗಿಡಗಳು ನಿಂತಿದ್ದವು. ಎಷ್ಟೋ ಜನ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಾ ನಿಂತ ಹಾಗಿತ್ತು. ನನಗೆ ದೇವರ ಹೆಸರೂ ನೆನಪಾಗಲಿಲ್ಲ. ಗೊಬ್ಬರದ ಚೀಲಗಳ ಹಿಂದೆ ಕಬ್ಬಿಣದ ಸಣ್ಣ ಬಾಗಿಲು ಸಿಕ್ಕಿತು, ಹೊರಗಿನಿಂದ ಚಿಲಕ. ತೆಗೆದೆ. ಎರಡು ಗೋಡೆಗಳ ನಡುವೆ ಒಬ್ಬ ಮಲಗುವಷ್ಟು ಜಾಗ. ಒಂದು ಚಾಪೆ, ಒಂದು ತಂಬಿಗೆ. ಆ ಮನುಷ್ಯ ಬಿರುಕಿನ ಹತ್ತಿರ ಇರಲಿಲ್ಲ, ಬಾಗಿಲ ಸಂದಿಗೆ ಮೂಗು ಒತ್ತಿ ಬೋರಲು ಬಿದ್ದಿದ್ದ. ನಾನು ಎಳೆದಾಗ ಉಸಿರು ಇನ್ನೂ ಇತ್ತು.

ಅವನ ಹೆಸರು ಬಂಡೆಪ್ಪ. ಬಾದಾಮಿಯ ಹತ್ತಿರದ ಚೊಳಚಗುಡ್ಡದವನು, ಐವತ್ತರ ಆಸುಪಾಸು. ಕಲ್ಲು ಕಡಿದು ಕಡಿದು ಎದೆಯಲ್ಲಿ ಧೂಳು ಕೂತು, ಸುತ್ತಿಗೆ ಎತ್ತುವ ಶಕ್ತಿ ಹೋಗಿತ್ತು. ಗಿಡಕ್ಕೆ ನೀರು ಹಾಕುವ ಹಗುರ ಕೆಲಸ ಎಂದು ಬಂದಿದ್ದ. ಮಹಾಕೂಟದಲ್ಲಿ ಹಾಸುಗಲ್ಲಿನ ಕೆಲಸ ಸಿಕ್ಕಿದೆ ಎಂದು ಮನೆಯಲ್ಲಿ ಹೇಳಿದ್ದ. ಸಂಜೆ ಲೈಟು ಹಾಕಿದಾಗ ಹೊರಗೆ, ಹಗಲೆಲ್ಲ ಆ ಸಂದಿಯೊಳಗೆ. ಯಾರಾದರೂ ಬಂದರೆ ಕೆಮ್ಮಿದ ಸಪ್ಪಳ ಕೂಡ ಕೇಳಬಾರದೆಂದು ಕಟ್ಟಪ್ಪಣೆ.

ಬಾಗಲಕೋಟೆಯ ದವಾಖಾನೆಯಲ್ಲಿ ಎರಡನೇ ದಿನ ಅವನಿಗೆ ಮಾತು ಬಂತು. ಜೈನಬಿ ಮಂಚದ ಪಕ್ಕ ನಿಂತಿದ್ದಳು, ಕೈಬೆರಳಿಗೆಲ್ಲ ಪಟ್ಟಿ. ಯಾರೆಂದು ಆಕೆ ಹೇಳುವ ಮೊದಲೇ ಅವನು ದನಿಯಿಂದ ಗುರುತು ಹಿಡಿದ.

"ನಿಮ್ಮ ಬ್ಯಾಟರಿ ಬೆಳಕಿನಾಗ ಆ ಎಳಿ ನನಗೂ ಕಾಣತಿತ್ರೀ ಅವ್ವಾರ. ಅದು ಅಳ್ಳಾಡಿದ್ರ ನಿಮಗ ಗೊತ್ತಾಗ್ತೈತಿ ಅಂತ ಉಸರ ಹಿಡದೆ. ಭಾಳೊತ್ತ ಹಿಡಿಯಾಕ ಆಗಲಿಲ್ಲ. ತಪ್ಪ ತಿಳೀಬ್ಯಾಡ್ರಿ."

ಜೈನಬಿ ಅಲ್ಲೇ ನೆಲದ ಮೇಲೆ ಕೂತಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾನು ವರಾಂಡಕ್ಕೆ ಹೋಗಿ ನಿಂತುಕೊಂಡೆ. ಇನ್ನೆರಡು ದಿನಕ್ಕೆ ಬಂಡೆಪ್ಪ ಹೋದ. ಎದೆ ಮೊದಲೇ ಕಲ್ಲಾಗಿತ್ತು, ಹೊಗೆ ನೆಪ ಎಂದರು ಡಾಕ್ಟರು. ನಾವು ಎರಡು ದಿನ ಮೊದಲೇ ಕಿಂಡಿ ತೆರೆದಿದ್ದರೆ ಏನಾಗುತ್ತಿತ್ತು ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಜೈನಬಿ ಕೇಳಿದಳು. ಡಾಕ್ಟರು ಪಕ್ಕದ ಮಂಚಕ್ಕೆ ಹೋದರು.

ಶಿವಪ್ರಕಾಶ ಮೂರನೇ ದಿನವೇ ಒಂದು ಲಾಡ್ಜಿನಲ್ಲಿ ಸಿಕ್ಕಿದ್ದ. ಹೇಳಿಕೆ ಬರೆದುಕೊಳ್ಳಲು ನಮ್ಮಿಬ್ಬರನ್ನೂ ಠಾಣೆಗೆ ಕರೆದರು. ಸಾಹೇಬರು ಒಳ್ಳೆಯವರು, ನೀರು ಕೊಡಿಸಿದರು, ಹೆದರಬೇಡಿ ನೀವು ಸಾಕ್ಷಿ ಅಷ್ಟೇ ಎಂದರು. ಗಿಡ ಎಷ್ಟಿದ್ದವು, ಲೈಟು ಎಷ್ಟಿದ್ದವು, ಫ್ಯಾನು ಎಷ್ಟಿದ್ದವು, ಎಲ್ಲ ಬರೆದುಕೊಂಡರು. ಆಗ ಜೈನಬಿ ಹೇಳಿದಳು.

"ಸಾಹೇಬರ, ಕಿಂಡಿ ಮುಚ್ಚಿದಾಕಿ ನಾ. ಅದನ್ನೂ ಬರಕೋರಿ."

"ನಿಮಗ ಗೊತ್ತಿರಲಿಲ್ಲಲ್ಲಮ್ಮಾ."

"ಮುಚ್ಚುವಾಗ ಗೊತ್ತಿರಲಿಲ್ಲ. ಮುಚ್ಚಿದ ಮ್ಯಾಲೆ ಗೊತ್ತಿತ್ತು. ಎರಡ ದಿನ ಗೊತ್ತಿತ್ತು."

ಸಾಹೇಬರು ಪೆನ್ನು ಕೆಳಗಿಟ್ಟರು. "ಮತ್ತ ಯಾರ ಮುಂದೂ ಯಾಕ ಹೇಳಲಿಲ್ಲ?"

 ಜೈನಬಿ ನನ್ನ ಕಡೆ ನೋಡಲಿಲ್ಲ, ತನ್ನ ಕೈಬೆರಳ ಪಟ್ಟಿಗಳನ್ನೇ ನೋಡುತ್ತಾ ಕೂತಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಆಕೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಸಾಹೇಬರು ನನ್ನ ಕಡೆ ತಿರುಗಿದರು.

"ನಿಮ್ಮ ಮುಂದ ಏನರ ಹೇಳಿದ್ಲೇನ್ರಿ?"

"ಇಲ್ರಿ" ಎಂದೆ.

ಅದನ್ನು ಅವರು ಬರೆದುಕೊಂಡರು, ಓದಿ ಹೇಳಿದರು. ಜೈನಬಿ ಪೂರ್ತಿ ಕೇಳಿಸಿಕೊಂಡು, ಪಟ್ಟಿ ಕಟ್ಟಿದ ಕೈಯಿಂದಲೇ ಸಹಿ ಮಾಡಿದಳು.